ಮಳೆ ಮೊದಲಿನಂಗಿಲ್ಲ ಅನ್ನೋದು ಸುಲಭ, ಅಳೆಯೋದು ಹೇಗೆ?

ಮೂಡಿಗೆರೆ ಕಡೆ ನಮ್ಮ ಸೋದರಮಾವನ ಕಾಫಿ ತೋಟ ಇದೆ. ಜಗಲಿಯ ಕಪಾಟಿನಲ್ಲಿ ಆಳುಗಳ ಹಾಜರಿ, ಗೊಬ್ಬರದ ಖರ್ಚು ಬರೆದ ಉದ್ದನೆಯ ಪುಸ್ತಕಗಳು. ಅವುಗಳ ಪಕ್ಕದಲ್ಲೇ ಮಳೆಗೆ ಅಂತ ಬೇರೆ ಪುಸ್ತಕ. ಒಂದೊಂದು ದಿನಕ್ಕೆ ಒಂದೊಂದು ಅಂಕಿ. ‘3-42’ ಅಂತಿದ್ದರೆ 3 ಇಂಚು 42 ಸೆಂಟ್ಸ್. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲ ಆಯಿತು. ಮಲೆನಾಡಿನ ಪ್ಲಾಂಟರುಗಳ ಬಾಯಲ್ಲಿ ಮಾತ್ರ ಮಳೆ ಇನ್ನೂ ಇಂಚು, ಸೆಂಟಿನಲ್ಲೇ ಸುರಿಯುತ್ತದೆ.

‘ಮಳೆ ಮೊದಲಿನಂಗಿಲ್ಲ ಮಾರಾಯ’ ಅಂತ ಮಾವ ವರ್ಷಕ್ಕೆ ಹತ್ತು ಸಲ ಹೇಳುತ್ತಾರೆ. ನೀವೂ ಹೇಳಿರುತ್ತೀರಿ, ನಾನೂ ಹೇಳಿದ್ದೇನೆ. ಆದರೆ ಅವರದೇ ಪುಸ್ತಕ ತೆಗೆದು ವರ್ಷವರ್ಷದ ಮೊತ್ತ ಕೂಡಿದರೆ ಆ ಮಾತಿಗೆ ಸಾಕ್ಷಿ ಸಿಗೋದಿಲ್ಲ. ಒಂದು ವರ್ಷ ಜಾಸ್ತಿ, ಮುಂದಿನ ವರ್ಷ ಕಡಿಮೆ, ಮತ್ತೆ ಜಾಸ್ತಿ. ಹಾಗಂತ ಮಾವ ಸುಳ್ಳು ಹೇಳುತ್ತಿಲ್ಲ. ಪುಸ್ತಕವೂ ಸುಳ್ಳು ಹೇಳುತ್ತಿಲ್ಲ. ನಾವು ಪುಸ್ತಕಕ್ಕೆ ಹಾಕಿದ ಪ್ರಶ್ನೆಯೇ ಸರಿಯಿಲ್ಲ.

ಭೂಮಿ ಬಿಸಿಯಾಗುತ್ತಿದೆ ಅನ್ನೋದು ಇಡೀ ಲೋಕದ ಲೆಕ್ಕ. ನಮ್ಮ ಜಿಲ್ಲೆಯಲ್ಲಿ, ನಮ್ಮ ಊರಿನಲ್ಲಿ ಏನಾಗುತ್ತಿದೆ ಅಂತ ಕೇಳಿದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ಅದರಲ್ಲೂ ಬಿಸಿಲಿನ ಲೆಕ್ಕ ಒಂದು ತರಹ, ಮಳೆಯ ಲೆಕ್ಕ ಇನ್ನೊಂದು ತರಹ.

ಮೊದಲು ಬಿಸಿಲು, ಯಾಕೆಂದರೆ ಅದು ಸುಲಭ.

ಹವಾಮಾನ ಕೇಂದ್ರದ ಅಂಗಳದಲ್ಲಿ ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ ನೋಡಿರಬಹುದು. ಜೇನುಪೆಟ್ಟಿಗೆಯಂತೆ ಕಾಣುತ್ತದೆ, ಸುತ್ತಲೂ ಓರೆ ಪಟ್ಟಿಗಳು. ಥರ್ಮಾಮೀಟರು ಅದರೊಳಗೆ ಇರುತ್ತದೆ. ಬಿಸಿಲು ನೇರ ಬೀಳಬಾರದು, ಗಾಳಿ ಆಡಬೇಕು, ಅಷ್ಟೇ ಉಪಾಯ. ಇದನ್ನು ರೂಪಿಸಿದ್ದು ಸ್ಕಾಟ್ಲೆಂಡಿನ ಲೈಟ್‌ಹೌಸ್ ಇಂಜಿನಿಯರ್ ಥಾಮಸ್ ಸ್ಟೀವನ್ಸನ್. ಹಾಗಾಗಿ ಇದಕ್ಕೆ ಸ್ಟೀವನ್ಸನ್ ಪೆಟ್ಟಿಗೆ ಅಂತಲೇ ಹೆಸರು. ದಿನದ ಅತಿ ಹೆಚ್ಚು, ಅತಿ ಕಡಿಮೆ ಉಷ್ಣಾಂಶ ಬರೆದುಕೊಂಡು ಎರಡರ ಸರಾಸರಿ ತೆಗೆದರೆ ಆ ದಿನದ ಲೆಕ್ಕ ಮುಗಿಯಿತು.

ರಾಯಚೂರಿನಲ್ಲಿ ಏಪ್ರಿಲಿಗೆ 40 ಡಿಗ್ರಿ ಮಾಮೂಲು. ಮಡಿಕೇರಿಯಲ್ಲಿ 30 ದಾಟಿದರೆ ಜನ ಫ್ಯಾನ್ ಅಂಗಡಿಗೆ ಹೋಗುತ್ತಾರೆ. ಇವೆರಡನ್ನು ಕೂಡಿಸಿ ಸರಾಸರಿ 35 ಅಂದರೆ ಅದು ಯಾವ ಊರಿನ ಉಷ್ಣಾಂಶವೂ ಆಗೋದಿಲ್ಲ. ಅದಕ್ಕೇ ತಜ್ಞರು ‘ಎಷ್ಟು ಡಿಗ್ರಿ’ ಅಂತ ಕೇಳೋದಿಲ್ಲ, ‘ಈ ಊರಿನ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ’ ಅಂತ ಕೇಳುತ್ತಾರೆ. ಹೀಗೆ ಕೇಳಿದರೆ ರಾಯಚೂರೂ ಮಡಿಕೇರಿಯೂ ಪಕ್ಕದಲ್ಲಿ ಕೂತು ಮಾತಾಡಬಹುದು. ಇದರ ಜೊತೆ ಇನ್ನೊಂದು ಲಾಭ ಇದೆ. ಸೆಕೆ ದೊಡ್ಡ ಕಂಬಳಿ ಇದ್ದಂತೆ. ಬಳ್ಳಾರಿಯಲ್ಲಿ ಈ ತಿಂಗಳು ವಾಡಿಕೆಗಿಂತ ಎರಡು ಡಿಗ್ರಿ ಹೆಚ್ಚಿದ್ದರೆ ಚಿತ್ರದುರ್ಗದಲ್ಲೂ ಸುಮಾರು ಅಷ್ಟೇ ಹೆಚ್ಚಿರುತ್ತದೆ. ಹಾಗಾಗಿ ಕಡಿಮೆ ಕೇಂದ್ರಗಳಿದ್ದರೂ ದೊಡ್ಡ ಪ್ರದೇಶದ ಚಿತ್ರ ಸಿಗುತ್ತದೆ.

ಹೀಗೆ ಸಿಕ್ಕಿದ ಚಿತ್ರ ಏನು ಹೇಳುತ್ತದೆ? ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರೊಳಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1901ರಿಂದ ಈಚಿನ ಲೆಕ್ಕದಲ್ಲಿ 2024 ಅತಿ ಬಿಸಿಯ ವರ್ಷ ಅಂತ ಹವಾಮಾನ ಇಲಾಖೆ ಹೇಳಿತು. 1991–2020ರ ಸರಾಸರಿಗಿಂತ ಆ ವರ್ಷ 0.65 ಡಿಗ್ರಿ ಹೆಚ್ಚು. ಲೋಕದ ಬೇರೆ ನೆಲಭಾಗಗಳಿಗೆ ಹೋಲಿಸಿದರೆ ಭಾರತದ ಏರಿಕೆ ಸ್ವಲ್ಪ ನಿಧಾನ. ಖುಷಿಪಡುವಂಥದ್ದೇನಿಲ್ಲ. ನಮ್ಮ ಹೊಗೆ, ದೂಳು ಬಿಸಿಲನ್ನು ಒಂದಿಷ್ಟು ತಡೆಯುತ್ತಿದೆ. ನೀರಾವರಿ ಹೊಲಗಳಿಂದ ಏಳುವ ತೇವವೂ ತಂಪು ಮಾಡುತ್ತದೆ. ಕೊಳಕು ಗಾಳಿ ಕೊಟ್ಟ ನೆರಳು ಅದು.

ಬೆಂಗಳೂರಿನ ಕಥೆ ಬೇರೆ. ಅಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ಚಳಿ ದಾಖಲಾಗಿದೆ. 2016ರ ಏಪ್ರಿಲಿನಲ್ಲಿ 39.2 ಡಿಗ್ರಿ. ವಾಟ್ಸಾಪಿನಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟು ‘ನೋಡಿ ಹವಾಮಾನ ಬದಲಾವಣೆ’ ಅನ್ನೋರಿದ್ದಾರೆ. ಚಳಿಗಾಲದ ಒಂದು ದಿನ, ಬೇಸಿಗೆಯ ಒಂದು ದಿನ. ಅದರಿಂದ ಏನೂ ಗೊತ್ತಾಗೋದಿಲ್ಲ. ನಿಜವಾದ ತೊಡಕು ಇನ್ನೊಂದು ಕಡೆ ಇದೆ. ಥರ್ಮಾಮೀಟರಿನ ಸುತ್ತ ಕೆರೆ, ತೋಟ ಇದ್ದ ಊರು ಹೋಗಿ ಡಾಂಬರು, ಕಾಂಕ್ರೀಟು ಬಂತು. ಹಗಲಿಡೀ ಗೋಡೆಗಳು ಕುಡಿದ ಬಿಸಿ ರಾತ್ರಿ ಹೊರಗೆ ಬರುತ್ತದೆ. ಅದಕ್ಕೇ ನಗರದ ಏರಿಕೆ ರಾತ್ರಿಯ ಉಷ್ಣಾಂಶದಲ್ಲಿ ಎದ್ದು ಕಾಣುತ್ತದೆ. ಇದರಲ್ಲಿ ಭೂಮಿಯ ಪಾಲೆಷ್ಟು, ಊರಿನ ಪಾಲೆಷ್ಟು ಅಂತ ಬಿಡಿಸಬೇಕಾದರೆ ಹತ್ತಿರದ ಹಳ್ಳಿ ಕೇಂದ್ರಗಳ ಜೊತೆ ಹೋಲಿಸಬೇಕು. ಅಲ್ಲಿ ವಾಸ ಮಾಡುವವರಿಗೆ ಎರಡೂ ಒಂದೇ ಸೆಕೆ, ಅದು ನಿಜ.

ಇನ್ನು ಮಳೆ

ಮಳೆಮಾಪಕ ಅಂದರೆ ಒಂದು ಕೊಳವೆ, ಮೇಲೊಂದು ಲಾಳಿಕೆ, ಕೆಳಗೊಂದು ಬಾಟಲಿ. ಬೆಳಗ್ಗೆ 8.30ಕ್ಕೆ ಬಾಟಲಿಯ ನೀರನ್ನು ಅಳತೆ ಗಾಜಿಗೆ ಸುರಿದು ಓದಬೇಕು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. 2.5 ಮಿಲಿಮೀಟರ್ ಆಗಿದ್ದರೆ ಅದು ‘ಮಳೆ ದಿನ’. 64.5 ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ಟಿವಿಯವರು ಹೇಳುವ ಆರೆಂಜ್, ರೆಡ್ ಅಲರ್ಟುಗಳ ಹಿಂದೆ ಇಂಥ ಅಂಕಿಗಳಿರುತ್ತವೆ.

ಉಪಕರಣ ಇಷ್ಟು ಸರಳ. ತೊಂದರೆ ಇರೋದು ಮಳೆಯ ಸ್ವಭಾವದಲ್ಲಿ. ಸೆಕೆ ಕಂಬಳಿಯಾದರೆ ಮಳೆ ತೇಪೆ. ಜಯನಗರದಲ್ಲಿ ರಸ್ತೆ ಹೊಳೆಯಾಗಿರುವಾಗ ಮಲ್ಲೇಶ್ವರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ರಾಜ್ಯದಲ್ಲಿ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6000ಕ್ಕೂ ಹೆಚ್ಚು ತಾನೇ ವರದಿ ಕಳಿಸುವ ಮಳೆಮಾಪಕಗಳಿವೆ. ಒಂದೊಂದರ ಬಾಯಿ 200 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಎಲ್ಲ ಬಾಯಿಗಳನ್ನೂ ಒಟ್ಟಿಗೆ ಜೋಡಿಸಿದರೆ 120 ಚದರ ಮೀಟರ್. ಬೆಂಗಳೂರಿನ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ತರ್ಟಿ-ಫಾರ್ಟಿ ಸೈಟಿಗಿಂತ ಸ್ವಲ್ಪ ಜಾಸ್ತಿ. ಸುಮಾರು 1,91,791 ಚದರ ಕಿಲೋಮೀಟರಿನ ಕರ್ನಾಟಕದ ಮಳೆಯನ್ನು ನಾವು ಒಂದು ಸೈಟಿನಷ್ಟು ಜಾಗದಲ್ಲಿ ಹಿಡಿದು ಲೆಕ್ಕ ಹಾಕುತ್ತಿದ್ದೇವೆ. ಅದೂ ದೇಶದಲ್ಲೇ ದಟ್ಟವಾದ ಜಾಲಗಳಲ್ಲಿ ಒಂದು ನಮ್ಮದು.

ಈ ಜಾಲ ನಡೆಸೋದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾಗಿದ್ದು. ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಒಳಗೆ ಏತದಂತೆ ತೂಗಾಡುವ ಪುಟ್ಟ ಬಟ್ಟಲು. ನೀರು ತುಂಬಿದ ಕೂಡಲೇ ವಾಲುತ್ತದೆ, ಯಂತ್ರ ಒಂದು ಅಂತ ಎಣಿಸುತ್ತದೆ. ಜಡಿಮಳೆಯಲ್ಲಿ ಬಟ್ಟಲು ವಾಲುವ ಹೊತ್ತಿನಲ್ಲಿ ಒಂದಿಷ್ಟು ನೀರು ಲೆಕ್ಕಕ್ಕೆ ಸಿಗದೆ ಜಾರಿಹೋಗುತ್ತದೆ. ಆ ಕೊರತೆಯನ್ನು ಲೆಕ್ಕದಲ್ಲಿ ಸರಿಪಡಿಸಬಹುದು. ಸರಿಪಡಿಸಲಾಗದ್ದು ವಯಸ್ಸು. ಹವಾಮಾನ ಬದಲಾಗಿದೆಯಾ ಅಂತ ಕೇಳಲು ಕಡಿಮೆ ಅಂದರೂ 30 ವರ್ಷದ ದಾಖಲೆ ಬೇಕು. ದಟ್ಟವಾದ ಜಾಲ ಇನ್ನೂ ಎಳೆಯದು. ಹಳೆಯ ದಾಖಲೆ ಇರುವ ಕೇಂದ್ರಗಳು ವಿರಳ. ಮೈಸೂರು ಸಂಸ್ಥಾನ 1893ರ ಹೊತ್ತಿಗೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ಬರೆದಿಡುತ್ತಿತ್ತು. ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅದರ ವರದಿಗಳನ್ನು ಪ್ರಕಟಿಸುತ್ತಿದ್ದರು. ಆದರೆ ನಾಲ್ಕು ಊರಿನ ಮಳೆಯಿಂದ ಒಂದು ಸಂಸ್ಥಾನದ ಮಳೆ ತಿಳಿಯೋದು ಕಷ್ಟ.

ನಮ್ಮಲ್ಲಂತೂ ಪಶ್ಚಿಮ ಘಟ್ಟ ಇನ್ನಷ್ಟು ಆಟ ಆಡಿಸುತ್ತದೆ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನೀರು ಸುರಿಸುತ್ತದೆ. ಆಚೆ ಇಳಿಯುವ ಹೊತ್ತಿಗೆ ಜೇಬು ಖಾಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು. ಬಸ್ಸಿನಲ್ಲಿ ಒಂದು ತಾಸು ಕೂತು ತೀರ್ಥಹಳ್ಳಿಗೆ ಬಂದರೆ ಅದರ ಅರ್ಧವೂ ಇಲ್ಲ. ಚಳ್ಳಕೆರೆಗೆ ಹೋದರೆ 500ರ ಆಸುಪಾಸು. ಹವಾಮಾನ ಇಲಾಖೆ ದೇಶದ ಮಳೆಯನ್ನು 1901ರಿಂದ ಚೌಕಗಳಾಗಿ ವಿಂಗಡಿಸಿ ಕೊಡುತ್ತದೆ. ಒಂದೊಂದು ಚೌಕ ಸುಮಾರು 27 ಕಿಲೋಮೀಟರ್ ಅಗಲ. ಬಯಲುಸೀಮೆಗೆ ಅದು ಚೆನ್ನಾಗಿ ಹೊಂದುತ್ತದೆ. ಘಟ್ಟದಲ್ಲಿ ಒಂದೇ ಚೌಕದೊಳಗೆ ಎರಡು ಮೂರು ಬೇರೆ ಬೇರೆ ಮಳೆಗಾಲಗಳು ಸಿಕ್ಕಿಹಾಕಿಕೊಂಡಿರುತ್ತವೆ.

ನನಗೆ ಯಾವಾಗಲೂ ಕಿರಿಕಿರಿ ಮಾಡುವ ಸಂಗತಿ ಒಂದಿದೆ. ಹವಾಮಾನ ಇಲಾಖೆಗೆ ಕರ್ನಾಟಕ ಅಂದರೆ ಮೂರು ಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಶಿವಮೊಗ್ಗ, ಕೊಡಗು ಇರೋದು ಕೋಲಾರ, ಚಿತ್ರದುರ್ಗಗಳ ಜೊತೆ ದಕ್ಷಿಣ ಒಳನಾಡಿನಲ್ಲಿ! ‘ದಕ್ಷಿಣ ಒಳನಾಡಿನಲ್ಲಿ ವಾಡಿಕೆ ಮಳೆ’ ಅಂತ ಸುದ್ದಿ ಬಂದ ದಿನ ಆಗುಂಬೆಯವರು ಕೊಡೆ ಮಡಚಿರೋದಿಲ್ಲ, ಚಳ್ಳಕೆರೆಯವರು ಕೊಡೆ ತೆಗೆದಿರೋದಿಲ್ಲ. ರಾಜ್ಯದ ಉಸ್ತುವಾರಿ ಕೇಂದ್ರ ಮಲೆನಾಡನ್ನು ಬೇರೆ ಭಾಗವಾಗಿ ಲೆಕ್ಕ ಹಾಕುತ್ತದೆ. ಅದು ಸರಿಯಾದ ಕೆಲಸ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿಯುತ್ತಿದ್ದಾಗ ಉತ್ತರ ಕರ್ನಾಟಕದ ಎಷ್ಟೋ ತಾಲ್ಲೂಕುಗಳು ಬರದ ಪಟ್ಟಿ ಸೇರಲು ಕಾಯುತ್ತಿದ್ದವು. ರಾಜ್ಯದ ಸರಾಸರಿ ನೋಡಿದವರಿಗೆ ಇವೆರಡೂ ಕಾಣೋದಿಲ್ಲ.

‘ವಾಡಿಕೆ’ ಅನ್ನೋ ಪದದ ಬಗ್ಗೆ ಒಂದು ಮಾತು. ಅದು ಕಲ್ಲಿನಲ್ಲಿ ಕೊರೆದದ್ದಲ್ಲ. ಕಳೆದ ಕೆಲವು ದಶಕಗಳ ಸರಾಸರಿ ಅಷ್ಟೇ, ಹತ್ತು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ದೇಶದ ಮುಂಗಾರಿನ ವಾಡಿಕೆ 1951–2000ರ ಲೆಕ್ಕದಲ್ಲಿ 89 ಸೆಂಟಿಮೀಟರ್ ಇತ್ತು. 1961–2010ಕ್ಕೆ 88 ಆಯಿತು. ಈಗ ಬಳಸುತ್ತಿರುವ 1971–2020ರ ಲೆಕ್ಕದಲ್ಲಿ 87. ಅಂದರೆ ಈ ವರ್ಷ 87 ಬಂದರೆ ನೂರಕ್ಕೆ ನೂರು ‘ವಾಡಿಕೆ’. ಅದೇ ಮಳೆ ನಮ್ಮ ಅಜ್ಜನ ಕಾಲದ ಅಳತೆಗೋಲಿನಲ್ಲಿ ಸ್ವಲ್ಪ ಕೊರತೆ. ಇದನ್ನೆಲ್ಲ ಭೂಮಿ ಬಿಸಿಯಾಗಿದ್ದರ ತಲೆಗೆ ಕಟ್ಟಲೂ ಆಗದು. ಮುಂಗಾರಿಗೆ ತನ್ನದೇ ಏರಿಳಿತ ಇದೆ. ಕೆಲವು ದಶಕ ಹಸಿ, ಕೆಲವು ದಶಕ ಒಣ. ವಾಡಿಕೆ ಇಳಿಸಿದಾಗ ಇಲಾಖೆ ಕೊಟ್ಟ ವಿವರಣೆಯೂ ಅದೇ.

ಇಲ್ಲೇ ಮಾವನ ಪುಸ್ತಕ ಯಾಕೆ ಬಾಯಿಬಿಡೋದಿಲ್ಲ ಅನ್ನೋದಕ್ಕೆ ಉತ್ತರ ಸಿಗುತ್ತದೆ. ಉಷ್ಣಾಂಶ ವರ್ಷದಿಂದ ವರ್ಷಕ್ಕೆ ಕುಣಿಯೋದು ಸ್ವಲ್ಪ, ನೂರು ವರ್ಷದ ಏರಿಕೆ ಆ ಕುಣಿತಕ್ಕಿಂತ ದೊಡ್ಡದು. ಹಾಗಾಗಿ ಕಣ್ಣಿಗೆ ಬೀಳುತ್ತದೆ. ಇಡೀ ದೇಶದ ಮುಂಗಾರು ಮೊತ್ತ ವರ್ಷವರ್ಷ ಶೇ 10ರಷ್ಟು ಆಚೀಚೆ ಆಗೋದು ಮಾಮೂಲು. ಒಂದು ಜಿಲ್ಲೆಗೆ ಬಂದರೆ ಇನ್ನೂ ಜಾಸ್ತಿ. ಎಷ್ಟೆಂದರೆ ಶೇ 19ರವರೆಗೆ ಕಡಿಮೆಯಾದರೂ, ಹೆಚ್ಚಾದರೂ ಇಲಾಖೆ ಅದನ್ನು ‘ವಾಡಿಕೆ’ ಅಂತಲೇ ಕರೆಯುತ್ತದೆ. ಸಂತೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಒಂದು ತೋಟದ ಮೂವತ್ತು ನಲವತ್ತು ವರ್ಷದ ಮೊತ್ತದಲ್ಲಿ ಆ ಪಿಸುಮಾತು ಕೇಳೋದಿಲ್ಲ.

ಮೊತ್ತ ಬಿಟ್ಟು ಹಂಚಿಕೆ ನೋಡಿ

ಸುಮ್ನೆ ಲೆಕ್ಕಕ್ಕೆ ಎರಡು ಊರು ಇಟ್ಟುಕೊಳ್ಳೋಣ, ಮೇಲೂರು ಮತ್ತು ಕೆಳಗೂರು. ಎರಡಕ್ಕೂ ಮಳೆಗಾಲದಲ್ಲಿ 900 ಮಿಲಿಮೀಟರ್. ಮೇಲೂರಿನಲ್ಲಿ 60 ದಿನ ಮಳೆ, ದಿನಕ್ಕೆ 15 ಮಿಲಿಮೀಟರಿನಂತೆ. ಕೆಳಗೂರಿನಲ್ಲಿ ಮಳೆ ಬಂದದ್ದು 30 ದಿನ ಮಾತ್ರ. ಅದರಲ್ಲಿ 3 ದಿನ 150ರಂತೆ ಹುಚ್ಚು ಮಳೆ, ಅರ್ಧ ಮೊತ್ತ ಅಲ್ಲೇ ಮುಗಿಯಿತು. ಉಳಿದ 27 ದಿನದಲ್ಲಿ ಮಿಕ್ಕರ್ಧ. ಸರ್ಕಾರಿ ಪಟ್ಟಿಯಲ್ಲಿ ಎರಡೂ ಊರು ‘ವಾಡಿಕೆ’. ಮೇಲೂರಿನ ರಾಗಿ ಎದ್ದು ನಿಲ್ಲುತ್ತದೆ, ಬಾವಿಗೆ ನೀರು ಇಂಗುತ್ತದೆ. ಕೆಳಗೂರಿನಲ್ಲಿ ಬದು ಒಡೆದು ಮಣ್ಣು ಹಳ್ಳ ಸೇರುತ್ತದೆ, ಆಮೇಲೆ ಮೂರು ವಾರ ಆಕಾಶ ನೋಡುತ್ತ ಕೂರಬೇಕು. ಮಳೆ ಮೊದಲಿನಂಗಿಲ್ಲ ಅಂತ ಕೆಳಗೂರಿನವರು ಅಂದರೆ ತಪ್ಪೇನು?

ಇದರ ಹಿಂದೆ ಸರಳವಾದ ಭೌತಶಾಸ್ತ್ರ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ಸುಮಾರು ಶೇ 7ರಷ್ಟು ಜಾಸ್ತಿಯಾಗುತ್ತದೆ. ಪಾತ್ರೆ ದೊಡ್ಡದಾದ ಹಾಗೆ. ತುಂಬಲು ಹೆಚ್ಚು ಹೊತ್ತು ಬೇಕು, ಮಗುಚಿದಾಗ ಹೆಚ್ಚು ನೀರು ಬೀಳುತ್ತದೆ. ಪಾತ್ರೆಗೆ ನೀರು ಒದಗಿಸುವ ಕಡಲೂ ಬಿಸಿಯಾಗಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951–2015ರೊಳಗೆ ಸುಮಾರು ಒಂದು ಡಿಗ್ರಿ ಏರಿದೆ.

ಇದನ್ನು ಅಂಕಿಗಳಲ್ಲಿ ಚೆಂದವಾಗಿ ತೋರಿಸಿದ ಕೆಲಸಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎನ್. ಗೋಸ್ವಾಮಿ ಮತ್ತು ಜೊತೆಗಾರರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಧ್ಯ ಭಾರತದ 1951–2000ರ ದಿನದಿನದ ಮಳೆ ತೆಗೆದುಕೊಂಡು ಅದನ್ನು ಗಾತ್ರದ ಪ್ರಕಾರ ಬೇರೆ ಮಾಡಿದರು. ದಿನಕ್ಕೆ 100 ಮಿಲಿಮೀಟರ್ ದಾಟುವ ಮಳೆಗಳು ಹೆಚ್ಚಾಗಿದ್ದವು. ಸಾಧಾರಣ ಮಳೆಗಳು ಕಡಿಮೆಯಾಗಿದ್ದವು. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಮುಚ್ಚಿಹಾಕಿ, ಸರಾಸರಿ ಅಲ್ಲಾಡದೆ ಕೂತಿತ್ತು. ನೂರು ಮಿಲಿಮೀಟರಿನ ಮಳೆ ಒಂದು ಊರಿಗೆ ಎಷ್ಟು ಸಲ ಬರುತ್ತದೆ? ಬಯಲುಸೀಮೆಯಲ್ಲಿ ವರ್ಷಕ್ಕೆ ಒಂದೋ ಎರಡೋ, ಎಷ್ಟೋ ವರ್ಷ ಇಲ್ಲವೇ ಇಲ್ಲ. ಒಂದೇ ಊರಿನ ಪುಸ್ತಕದಲ್ಲಿ ಅಂಥದ್ದನ್ನು ಎಣಿಸಿ ಏರಿದೆಯೋ ಇಳಿದಿದೆಯೋ ಅನ್ನಲು ಆಗೋದಿಲ್ಲ. ಅವರು ಇಡೀ ಮಧ್ಯ ಭಾರತವನ್ನು ಒಟ್ಟಿಗೆ ಎಣಿಸಿದ್ದರಿಂದ ಪಿಸುಮಾತು ಕೇಳಿತು.

2024ರ ಬೆಂಗಳೂರು ನೆನಪಿದೆಯಲ್ವಾ? ಹಿಂದಿನ ಮಳೆಗಾಲ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ. ಟ್ಯಾಂಕರಿಗೆ ಕ್ಯೂ. ಏಪ್ರಿಲಿನಲ್ಲಿ ನಗರಕ್ಕೆ ಹನಿ ಮಳೆಯಿಲ್ಲ. ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್. ಜೂನಿನ ಒಂದು ದಿನದ ದಾಖಲೆ 1891ರಿಂದ 101.6ರಲ್ಲಿ ನಿಂತಿತ್ತು, ಅದು ಮುರಿಯಿತು. ಇದೊಂದು ವರ್ಷವನ್ನು ಹಿಡಿದು ಏನನ್ನೂ ಸಾಬೀತು ಮಾಡಲಾಗದು, ಹಿಂದಿನ ಬರಕ್ಕೆ ಎಲ್ ನಿನೋ (ಪೆಸಿಫಿಕ್ ಕಡಲು ಬಿಸಿಯೇರಿ ನಮ್ಮ ಮುಂಗಾರನ್ನು ಸೊರಗಿಸುವ ವಿದ್ಯಮಾನ) ಕೂಡ ಕಾರಣ. ಆದರೆ 1891ರಲ್ಲಿ ಯಾರೋ ಬೆಳಗ್ಗೆ ಎದ್ದು ಬಾಟಲಿ ನೋಡಿ ಬರೆದಿಟ್ಟಿದ್ದರಿಂದ ತಾನೇ ಹೋಲಿಕೆಗೆ ಒಂದು ಅಂಕಿ ಸಿಕ್ಕಿದ್ದು?

ಪುಸ್ತಕವೂ ದಾರಿ ತಪ್ಪಿಸುತ್ತದೆ

ಮಾವನ ಮಳೆಮಾಪಕ ಮೊದಲು ಕಣದ ಮೂಲೆಯಲ್ಲಿತ್ತು. ಪಕ್ಕದಲ್ಲಿ ಅವರಪ್ಪ ನೆಟ್ಟ ಸಿಲ್ವರ್ ಓಕ್ ಸಸಿಗಳು. ಸಿಲ್ವರ್ ಓಕ್ ಬೆಳೆಯೋದು ಗೊತ್ತಲ್ಲ, ನೋಡನೋಡುತ್ತ ಮುಗಿಲಿಗೆ. ಗಾಳಿ ಜೊತೆ ಓರೆಯಾಗಿ ಬರುವ ಮಳೆಗೆ ಮರ ಅಡ್ಡ ನಿಂತಿತು. ವರ್ಷ ಕಳೆದಂತೆ ಮಾಪಕಕ್ಕೆ ಬೀಳುವ ಮಳೆ ಕಡಿಮೆಯಾಯಿತು. ತೋಟಕ್ಕೆ ಬೀಳುವ ಮಳೆ ಎಷ್ಟಿತ್ತೋ ಅಷ್ಟೇ ಇತ್ತು. ಆಮೇಲೆ ಯಾರೋ ಹೇಳಿ, ಮಾಪಕವನ್ನು ಬಯಲಿಗೆ ತಂದು ನಿಲ್ಲಿಸಿದರು. ಆ ವರ್ಷದಿಂದ ಪುಸ್ತಕದಲ್ಲಿ ಮಳೆ ಮೆಟ್ಟಿಲು ಹತ್ತಿದಂತೆ ಏರಿದೆ! ನಿಯಮ ಏನೆಂದರೆ ಮರವೋ ಗೋಡೆಯೋ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು.

ಇಂಥ ಸುಳ್ಳು ಮೆಟ್ಟಿಲುಗಳು ದೊಡ್ಡ ಕೇಂದ್ರಗಳ ದಾಖಲೆಯಲ್ಲೂ ಇರುತ್ತವೆ. ಕೇಂದ್ರ ಜಾಗ ಬದಲಿಸಿರುತ್ತದೆ, ಉಪಕರಣ ಬದಲಾಗಿರುತ್ತದೆ. ಕಂಡುಹಿಡಿಯುವ ದಾರಿ ಹಳ್ಳಿಯ ಪಂಚಾಯಿತಿಯ ಹಾಗೆ: ನೆರೆಹೊರೆಯವರನ್ನು ಕೇಳೋದು. ಸುತ್ತಲಿನ ಐದಾರು ಕೇಂದ್ರಗಳು ಒಂದೇ ರೀತಿ ಏರಿಳಿಯುತ್ತಿರುವಾಗ ಒಂದು ಮಾತ್ರ ಒಂದು ವರ್ಷದಿಂದ ಹಠಾತ್ತನೆ ಬೇರೆ ದಾರಿ ಹಿಡಿದರೆ, ಬದಲಾಗಿರೋದು ಹವಾಮಾನವಲ್ಲ. ಆಗ ಆ ಕೇಂದ್ರದ ಅಂಕಿಗಳನ್ನು ಸರಿಪಡಿಸುತ್ತಾರೆ. ‘ವಿಜ್ಞಾನಿಗಳು ಅಂಕಿ ತಿದ್ದುತ್ತಾರೆ’ ಅಂತ ಗುಲ್ಲೆಬ್ಬಿಸುವವರು ಹೇಳೋದು ಈ ಕೆಲಸದ ಬಗ್ಗೆಯೇ. ತಿದ್ದದೇ ಬಿಟ್ಟರೆ ಸಿಲ್ವರ್ ಓಕ್ ಮರವನ್ನೇ ಹವಾಮಾನ ಬದಲಾವಣೆ ಅಂತ ನಂಬಬೇಕಾಗುತ್ತದೆ.

ನಮ್ಮ ಇನ್ನೊಂದು ದಾಖಲೆ ಗಾದೆಗಳು. ಮಘೆ ಮಳೆ ಹೊಯ್ದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ‘ಈಗ ಆರಿದ್ರಾ ಮಳೆ ಆರಿದ್ರಾದಲ್ಲಿ ಬರೋದಿಲ್ಲ’ ಅನ್ನೋ ದೂರು ಕೇಳಿರುತ್ತೀರಿ. ಇದರಲ್ಲೊಂದು ಮೋಜು ಇದೆ. ನಕ್ಷತ್ರದ ಪಂಚಾಂಗವೇ ಋತುಗಳಿಗೆ ಹೋಲಿಸಿದರೆ ಸುಮಾರು 70 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತಿರುಗೋದೇ ಕಾರಣ. ಈಗ ಮೃಗಶಿರ ಜೂನ್ 8ರ ಹೊತ್ತಿಗೆ, ಆರಿದ್ರಾ 22ರ ಹೊತ್ತಿಗೆ. ಸಾವಿರ ವರ್ಷದ ಹಿಂದೆ ಈಗಿನ ಮೃಗಶಿರದ ಜಾಗದಲ್ಲಿ ಆರಿದ್ರಾ ಇತ್ತು. ಮಳೆ ಎಳ್ಳಷ್ಟೂ ಬದಲಾಗದಿದ್ದರೂ ಪಂಚಾಂಗ ನೋಡಿದವರಿಗೆ ಅದು ಒಂದು ನಕ್ಷತ್ರ ಮುಂಚೆ ಬಂದ ಹಾಗೆ ಕಾಣುತ್ತದೆ. ಅಳತೆಗೋಲು ಜರುಗಿದೆಯಾ ಅಂತ ಮೊದಲು ನೋಡಬೇಕು ಅನ್ನೋದು ಇದಕ್ಕೇ. ಅಂದಹಾಗೆ ಒಂದು ತಲೆಮಾರಿನಲ್ಲಿ ಈ ಜರುಗುವಿಕೆ ಅರ್ಧ ದಿನವೂ ಇಲ್ಲ, ಹಾಗಾಗಿ ನಿಮ್ಮ ಅಪ್ಪನ ಕಾಲಕ್ಕೂ ಈಗಿಗೂ ಮಳೆ ಎರಡು ವಾರ ಆಚೀಚೆ ಆಗಿದ್ದರೆ ಪಂಚಾಂಗವನ್ನು ಬೈಯುವಂತಿಲ್ಲ.

ಮನೆಯಲ್ಲೇ ಅಳೆಯಬೇಕು ಅನ್ನಿಸಿದರೆ ಪ್ಲಾಸ್ಟಿಕ್ ಮಾಪಕ ಸಾಕು. ಬಯಲಿನಲ್ಲಿಡಿ, ದಿನಾ ಒಂದೇ ಹೊತ್ತಿಗೆ ಓದಿ. ಮಳೆ ಬಾರದ ದಿನ ಸೊನ್ನೆ ಬರೆಯೋದನ್ನು ಮಾತ್ರ ಮರೆಯಬೇಡಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ಗೊತ್ತಾಗೋದಿಲ್ಲ.

ಮಾವನ ಪುಸ್ತಕದಲ್ಲಿ ಒಂದು ಜುಲೈ ಇದೆ. ನಾಲ್ಕು ದಿನ ಖಾಲಿ, ಐದನೆಯ ದಿನ 11-00. ಹನ್ನೊಂದು ಇಂಚು ಅಂದರೆ 279 ಮಿಲಿಮೀಟರ್, ಇಲಾಖೆಯ ಲೆಕ್ಕದಲ್ಲಿ ‘ಅತ್ಯಂತ ಭಾರಿ’. ಕಂಪ್ಯೂಟರಿಗೆ ಊಡಿಸಿದ್ದರೆ ಆ ತೋಟದ ದಾಖಲೆ ಮಳೆ ಅಂತ ತೋರಿಸುತ್ತಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ, ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣಕ್ಕೆ, ಮಾವ ಬರೆದಿದ್ದಾರೆ: ‘ಅಮ್ಮ ಆಸ್ಪತ್ರೆಯಲ್ಲಿ. ಐದು ದಿನದ್ದು ಒಟ್ಟಿಗೆ.’